ವಾಪಸ್ ಹೋಗೋಣ ಅನ್ನುವವನೂ ಜೊತೆಗಾರನೇ

"ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು" ಅಂತ ನಮ್ಮಲ್ಲೊಂದು ಗಾದೆ ಇದೆ. ಹಿಂಜರಿಯುವವನನ್ನು ಮುಂದಕ್ಕೆ ತಳ್ಳಲು ಎಲ್ಲರೂ ಬಳಸುವ ಗಾದೆ ಇದು. ಪಂಚಾಯ್ತಿ ಚುನಾವಣೆಗೆ ನಿಂತು ಖರ್ಚಿಗೆ ಹೆದರುವವನಿಗೆ ಇದನ್ನೇ ಹೇಳುತ್ತೇವೆ. ಬೋರ್‌ವೆಲ್ ಇನ್ನೂ ನೂರು ಅಡಿ ಇಳಿಸಬೇಕೋ ಬೇಡವೋ ಎಂದು ತಲೆ ಕೆರೆದುಕೊಳ್ಳುವವನಿಗೂ ಇದನ್ನೇ ಹೇಳುತ್ತೇವೆ. ಅಲ್ಲೆಲ್ಲ ಗಾದೆ ಎಷ್ಟು ಸರಿ ಎಂಬುದು ಅವರವರ ಜೇಬಿಗೆ ಬಿಟ್ಟ ವಿಚಾರ. ಆದರೆ ನಿಜವಾದ ನೀರಿನ ವಿಷಯದಲ್ಲಿ ಈ ಗಾದೆ ಪೂರ್ತಿ ತಪ್ಪು. ನೀರಿಗೆ ಇಳಿದ ಮೇಲೂ ಚಳಿ ಚಳಿಯೇ, ಮಳೆ ಮಳೆಯೇ. ಇಳಿದ ಮೇಲೂ ಹತ್ತಿ ಬರಬಹುದು. ಹತ್ತಿ ಬರೋಣ ಎಂದು ಹೇಳುವ ಒಬ್ಬ ಜೊತೆಗಿದ್ದರೆ ಅವನು ಪುಕ್ಕಲನಲ್ಲ, ನಮ್ಮ ಜೀವದ ಗೆಳೆಯ.

ಇದನ್ನು ಹೇಳಲು ನಾನು ಮೂರು ದೋಣಿ ಪ್ರಯಾಣಗಳ ಕಥೆ ಆರಿಸಿಕೊಂಡಿದ್ದೇನೆ. ಮೂರೂ ದೂರದ ಕೆನಡಾದ ಕಾಡಿನವು, ಹೆಚ್ಚು ಕಡಿಮೆ ನೂರು ವರ್ಷ ಹಳೆಯವು. ಕಾಲ್ಪನಿಕವಲ್ಲ, ದಾಖಲೆ ಇರುವ ಕಥೆಗಳು. ಇವನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮೂರೂ ಪ್ರಯಾಣಗಳ ಹಿಂದೆ ಪತ್ರಿಕೆ ಇದೆ, ಸುದ್ದಿ ಇದೆ, ಹೆಸರು ಮಾಡುವ ಆಸೆ ಇದೆ. ಅದು ನನಗೂ ಗೊತ್ತು, ಮೊಬೈಲ್ ಹಿಡಿದು ರೀಲ್ಸ್ ಮಾಡುವ ನಿಮ್ಮೂರ ಹುಡುಗರಿಗೂ ಗೊತ್ತು.

ದೋಣಿಯಲ್ಲಿ ಯಾರಿಗೆ ಏನು ಕಾಣುತ್ತದೆ

ಮೊದಲು ಆ ದೋಣಿ ಹೇಗಿರುತ್ತದೆ ಎಂದು ತಿಳಿಯೋಣ. ಕನೂ ಎಂದು ಅದರ ಹೆಸರು. ನಮ್ಮ ಹರಿಗೋಲಿನ ಹಾಗೆ ದುಂಡಗಿರುವುದಿಲ್ಲ. ಎರಡೂ ತುದಿ ಚೂಪು, ಉದ್ದ, ಅಗಲ ಕಡಿಮೆ. ಮರದ ಚೌಕಟ್ಟಿನ ಮೇಲೆ ದಪ್ಪ ಕ್ಯಾನ್ವಾಸ್ ಬಟ್ಟೆ ಬಿಗಿದು, ನೀರು ಹಿಡಿಯದಂತೆ ಬಣ್ಣ ಬಳಿದಿರುತ್ತಾರೆ. ಹದಿನೆಂಟು ಅಡಿ ಉದ್ದದ ದೋಣಿಯನ್ನು ಗಟ್ಟಿಯಾದ ಒಬ್ಬ ಆಳು ಬೋರಲಾಗಿಸಿ ಹೆಗಲ ಮೇಲೆ ಹೊತ್ತು ನಡೆಯಬಲ್ಲ. ಹೊರಲೇಬೇಕು ಕೂಡ. ಏಕೆಂದರೆ ಅಲ್ಲಿನ ಹೊಳೆಗಳು ಬಂಡೆಗಳ ಮೇಲೆ ಧುಮುಕುವ ಕಡೆ ದೋಣಿ ಓಡುವುದಿಲ್ಲ. ಅಂಥ ಕಡೆ ಎಲ್ಲರೂ ದಡಕ್ಕೆ ಇಳಿದು, ಹಿಟ್ಟಿನ ಚೀಲ, ಡೇರೆ, ಪಾತ್ರೆ, ಕೊನೆಗೆ ದೋಣಿಯನ್ನೂ ಹೊತ್ತು ಕಾಡಿನೊಳಗೆ ನಡೆದು, ಕೆಳಗಿನ ಸಮಾಧಾನದ ನೀರಿನಲ್ಲಿ ಮತ್ತೆ ಬಿಡುತ್ತಾರೆ. ಒಂದೇ ದಾರಿಯನ್ನು ನಾಲ್ಕೈದು ಸಲ ತಿರುಗಬೇಕಾಗುತ್ತದೆ.

ಇಬ್ಬರು ಕೂತರೆ ಒಬ್ಬ ಮುಂದೆ, ಒಬ್ಬ ಹಿಂದೆ. ಇಬ್ಬರ ಕೈಯಲ್ಲೂ ಒಂದೊಂದು ಹುಟ್ಟು. ದೋಣಿ ಯಾವ ಕಡೆ ತಿರುಗಬೇಕು ಎಂಬುದು ಹಿಂದೆ ಕೂತವನ ಕೈಯಲ್ಲಿದೆ. ಆದರೆ ನೀರಿನಡಿಯ ಬಂಡೆ ಮೊದಲು ಕಾಣುವುದು ಮುಂದೆ ಕೂತವನಿಗೆ. ಕಾಣುವವನ ಕೈಯಲ್ಲಿ ದಿಕ್ಕಿಲ್ಲ, ದಿಕ್ಕು ಹಿಡಿದವನಿಗೆ ಪೂರ್ತಿ ಕಾಣುವುದಿಲ್ಲ. ಇಬ್ಬರ ನಡುವೆ ಇರುವುದು ಮಾತು ಮಾತ್ರ. ಮುಂದಿನವನು "ಬಲಕ್ಕೆ" ಎಂದು ಕೂಗಿದಾಗ ಹಿಂದಿನವನು ವಾದ ಮಾಡುತ್ತ ಕೂತರೆ ದೋಣಿ ಬಂಡೆಗೆ ಬಡಿಯುತ್ತದೆ. ಮುಂದಿನವನು "ನಾನ್ಯಾಕೆ ಹೇಳಲಿ, ಬೈಸಿಕೊಳ್ಳಲಿ" ಎಂದು ಬಾಯಿ ಮುಚ್ಚಿಕೊಂಡರೂ ಅಷ್ಟೇ.

ಅಲ್ಲಿನ ನೀರು ಹಿಮ ಕರಗಿದ ನೀರು. ಅಂಥ ನೀರಿಗೆ ಬಿದ್ದವನಿಗೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಹತ್ತು ನಿಮಿಷದೊಳಗೆ ಕೈ ಬೆರಳು ಕೆಲಸ ಬಿಡುತ್ತವೆ, ಹಗ್ಗ ಹಿಡಿಯಲೂ ಆಗುವುದಿಲ್ಲ. ಒಂದು ಗಂಟೆಯ ಹೊತ್ತಿಗೆ ಮೈಯೇ ತಣ್ಣಗಾಗಿ ಎಚ್ಚರ ತಪ್ಪುತ್ತದೆ. ಈಜು ಬರುತ್ತದೋ ಇಲ್ಲವೋ ಎಂಬುದು ಅಲ್ಲಿ ಎರಡನೇ ಪ್ರಶ್ನೆ.

1903: ಬಾಯಿ ಬಿಡಲಾಗದ ಜೊತೆಗಾರ

ಲಿಯೊನಿಡಾಸ್ ಹಬರ್ಡ್ ನ್ಯೂಯಾರ್ಕಿನ 'ಔಟಿಂಗ್' ಎಂಬ ಮಾಸಪತ್ರಿಕೆಯ ಸಹಾಯಕ ಸಂಪಾದಕ. ವಯಸ್ಸು ಮೂವತ್ತರ ಆಸುಪಾಸು. ಕೆನಡಾದ ಪೂರ್ವ ತುದಿಯಲ್ಲಿರುವ ಲ್ಯಾಬ್ರಡಾರ್ ಎಂಬ ಸೀಮೆಯ ಒಳನಾಡಿಗೆ ಆಗ ಸರಿಯಾದ ನಕ್ಷೆ ಇರಲಿಲ್ಲ. ಅಲ್ಲಿ ಹೋಗಿ ಬಂದು ಬರೆದರೆ ಹೆಸರು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೆಳೆಯ ಡಿಲನ್ ವ್ಯಾಲೇಸ್ ಎಂಬ ವಕೀಲನನ್ನು ಜೊತೆಗೆ ಕರೆದ. ಮೂರನೆಯವನು ಜಾರ್ಜ್ ಎಲ್ಸನ್. ತಾಯಿಯ ಕಡೆ ಅಲ್ಲಿನ ಮೂಲನಿವಾಸಿ ಕ್ರೀ ಜನ, ತಂದೆಯ ಕಡೆ ಸ್ಕಾಟ್ಲೆಂಡ್. ಸಂಬಳಕ್ಕೆ ಬಂದ ಮಾರ್ಗದರ್ಶಿ. ಲ್ಯಾಬ್ರಡಾರ್ ಅವನಿಗೂ ಹೊಸದು. ಆದರೆ ಹೊಳೆ, ಕಾಡು, ದೋಣಿ ಹುಟ್ಟಿನಿಂದ ಬಂದ ವಿದ್ಯೆ.

1903ರ ಜುಲೈ 15ರಂದು ಮೂವರೂ ಹದಿನೆಂಟು ಅಡಿಯ ಒಂದೇ ದೋಣಿಯಲ್ಲಿ ಹೊರಟರು. ಗ್ರ್ಯಾಂಡ್ ಲೇಕ್ ಎಂಬ ಕೆರೆಯ ತುದಿಯಿಂದ ನಾಸ್ಕೌಪಿ ಎಂಬ ದೊಡ್ಡ ಹೊಳೆಗೆ ತಿರುಗಬೇಕಿತ್ತು. ಅದರ ಬಾಯಿ ಅವರ ಕಣ್ಣಿಗೆ ಬೀಳಲಿಲ್ಲ. ಮುಂದೆ ಸಿಕ್ಕ ಸೂಸನ್ ಎಂಬ ಸಣ್ಣ ಹಳ್ಳವನ್ನೇ ಹೊಳೆ ಎಂದುಕೊಂಡು ಹತ್ತಿದರು. ದೋಣಿ ತೇಲುವಷ್ಟೂ ನೀರಿಲ್ಲದ ಕಡೆ ವಾರಗಟ್ಟಲೆ ಅದನ್ನು ಎಳೆದರು, ಹೊತ್ತರು. ಸೆಪ್ಟೆಂಬರ್ ನಡುವಿನಲ್ಲಿ ಗುಡ್ಡದ ಮೇಲಿಂದ ಅವರು ಹುಡುಕುತ್ತಿದ್ದ ದೊಡ್ಡ ಸರೋವರ ದೂರದಲ್ಲಿ ಕಂಡಿತು. ಅಷ್ಟರಲ್ಲಿ ಊಟ ಮುಗಿಯುತ್ತ ಬಂದಿತ್ತು, ಗಾಳಿ ದಿನಗಟ್ಟಲೆ ದೋಣಿ ಇಳಿಸಲು ಬಿಡಲಿಲ್ಲ. ಆಗ ವಾಪಸ್ ತಿರುಗಿದರು. ತಿರುಗಿದ್ದೇ ತಡವಾಗಿತ್ತು.

ವಾಪಸ್ ಬರುವಾಗಿನ ಒಂದು ಬೆಳಿಗ್ಗೆಯ ಮಾತು ಕೇಳಿ. ಅವರು ಬೀವರ್ ಎಂಬ ದೊಡ್ಡ ಹೊಳೆಯ ದಡದಲ್ಲಿದ್ದರು. ಎಲ್ಸನ್ ತನಗೆ ರಾತ್ರಿ ಬಿದ್ದ ಕನಸು ಹೇಳಿದ. ಕನಸಿನಲ್ಲಿ ದೇವರು ಬಂದು ಈ ಹೊಳೆ ಬಿಡಬೇಡ, ಹಿಡಿದುಕೊಂಡೇ ಹೋಗು ಎಂದನಂತೆ. ಹಬರ್ಡ್ ಒಪ್ಪಲಿಲ್ಲ. ಬಂದ ದಾರಿಯೇ ಗೊತ್ತಿರುವ ದಾರಿ ಎಂದು ದೋಣಿಯನ್ನು ಅಲ್ಲೇ ಬಿಟ್ಟು, ನಡೆದು ಮತ್ತೆ ಸೂಸನ್ ಹಳ್ಳದ ಕಡೆ ಹೋಗಲು ತೀರ್ಮಾನಿಸಿದ. ಬರುವಾಗ ಅಲ್ಲಿ ಕೆಟ್ಟುಹೋಯಿತೆಂದು ಎಸೆದ ಹಿಟ್ಟಿನ ಚೀಲವಾದರೂ ಸಿಗಬಹುದೆಂಬ ಲೆಕ್ಕವೂ ಇತ್ತು. ಎಲ್ಸನ್ ಹೇಳಿದ ಆ ದೊಡ್ಡ ಹೊಳೆ ಹಿಡಿದಿದ್ದರೆ ಅದು ಗ್ರ್ಯಾಂಡ್ ಲೇಕ್‌ಗೇ ಕರೆದೊಯ್ಯುತ್ತಿತ್ತು ಎಂಬುದು ಆಮೇಲೆ ತಿಳಿಯಿತು.

ನಡೆಯುತ್ತ ಹಬರ್ಡ್ ಕುಸಿದ. ಡೇರೆಯಲ್ಲಿ ಅವನನ್ನು ಬಿಟ್ಟು ಉಳಿದಿಬ್ಬರು ಹಿಟ್ಟಿನ ಚೀಲ ಹುಡುಕಲು ಹೊರಟರು. ಚೀಲ ಸಿಕ್ಕಿತು, ಒಳಗಿದ್ದದ್ದು ಬೂಷ್ಟು ಹಿಡಿದ ಗಟ್ಟಿ. ಅದರಲ್ಲಿ ಪಾಲು ಹಿಡಿದು ವ್ಯಾಲೇಸ್ ಗೆಳೆಯನ ಕಡೆ ಹಿಂತಿರುಗಿದ. ಹಿಮ ಸುರಿಯುತ್ತಿತ್ತು, ಡೇರೆ ಕೊನೆಗೂ ಕಣ್ಣಿಗೆ ಬೀಳಲಿಲ್ಲ. ಎಲ್ಸನ್ ಒಬ್ಬನೇ ದಿನಗಟ್ಟಲೆ ಹಿಮದಲ್ಲಿ ನಡೆದು ಬೇಟೆಗಾರರ ಮನೆ ಮುಟ್ಟಿ, ಜನ ಕಳಿಸಿದ. ವ್ಯಾಲೇಸ್ ಉಳಿದ. ಹಬರ್ಡ್ ಡೇರೆಯಲ್ಲೇ ಹೋಗಿದ್ದ. ಅವನ ಡೈರಿಯ ಕೊನೆಯ ಬರಹ ಅಕ್ಟೋಬರ್ 18ರದ್ದು.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಆ ಕನಸು. ನನಗೆ ಅನಿಸುವುದು ಹೀಗೆ: ಸಂಬಳ ಕೊಡುವ ಯಜಮಾನನಿಗೆ "ನೀವು ಹೇಳುತ್ತಿರುವುದು ತಪ್ಪು" ಎಂದು ನೇರವಾಗಿ ಹೇಳಲು ಆಳಿಗೆ ಬಾಯಿ ಬರುವುದಿಲ್ಲ. ದೇವರ ಹೆಸರಿನಲ್ಲಿ ಹೇಳಿದರೆ ಬೈಸಿಕೊಳ್ಳುವುದು ತಪ್ಪುತ್ತದೆ. ಹೊಲಮನೆಯಲ್ಲಿ ದುಡಿದವರಿಗೆ, ಮೇಸ್ತ್ರಿ ಕೈಕೆಳಗೆ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವೂ ಎಷ್ಟೋ ಸಲ "ಯಾಕೋ ಇವತ್ತು ಶಕುನ ಸರಿ ಇಲ್ಲ ಧಣಿ" ಅನ್ನುತ್ತೇವೆ. ಶಕುನ ಸರಿ ಇಲ್ಲ ಎಂದರೆ ಎಷ್ಟೋ ಸಲ ಕೆಲಸವೇ ಸರಿ ಇಲ್ಲ ಎಂದು ಅರ್ಥ.

ಇನ್ನೊಂದು ಮಾತು. ಹಬರ್ಡ್ ಕೆಟ್ಟವನಲ್ಲ. ಜೊತೆಗಿದ್ದ ಇಬ್ಬರೂ ಆಮೇಲೆ ಅವನನ್ನು ಪ್ರೀತಿಯಿಂದಲೇ ನೆನೆದರು. ಅವನ ತೊಂದರೆ ಎಂದರೆ ಬರಿಗೈಯಲ್ಲಿ ವಾಪಸ್ ಹೋಗುವ ನಾಚಿಕೆ. ಪತ್ರಿಕೆಗೆ ಏನು ಹೇಳಲಿ, ಜನರಿಗೆ ಮುಖ ಹೇಗೆ ತೋರಿಸಲಿ? ಸುದ್ದಿ ಇಲ್ಲದೆ ಕಚೇರಿಗೆ ಫೋನ್ ಮಾಡಬೇಕಾದ ದಿನ ನನ್ನಂಥ ಜಿಲ್ಲಾ ವರದಿಗಾರನಿಗೂ ಈ ನಾಚಿಕೆ ಇದೆ. ನಾಚಿಕೆಗೆ ಹೆದರಿ ಒಂದು ವಾರ ಮುಂದೆ ಹೋದದ್ದಕ್ಕೆ ಅವನು ಕೊಟ್ಟ ಬೆಲೆ ಜೀವ.

1905: ಅದೇ ಕಾಡು, ಮಾತು ಮಾತ್ರ ಬೇರೆಯವನದು

ಎರಡು ವರ್ಷದ ಮೇಲೆ ಹಬರ್ಡ್‌ನ ಹೆಂಡತಿ ಮೈನಾ ಅದೇ ಪ್ರಯಾಣ ಮುಗಿಸಲು ಹೊರಟಳು. ನರ್ಸ್ ಕೆಲಸ ಕಲಿತಿದ್ದ ಹೆಂಗಸು. ವ್ಯಾಲೇಸ್ ಬರೆದ ಪುಸ್ತಕ ತನ್ನ ಗಂಡನನ್ನು ಕೀಳಾಗಿ ತೋರಿಸಿತು ಎಂಬ ಸಿಟ್ಟು ಆಕೆಗಿತ್ತು. ಅದೇ ಬೇಸಿಗೆಯಲ್ಲಿ ವ್ಯಾಲೇಸ್ ಕೂಡ ಬೇರೆ ತಂಡ ಕಟ್ಟಿಕೊಂಡು ಅದೇ ದಾರಿ ಹಿಡಿದ. ಪತ್ರಿಕೆಗಳಿಗೆ ಹಬ್ಬ. ಇಬ್ಬರಲ್ಲಿ ಯಾರು ಮೊದಲು ಮುಟ್ಟುತ್ತಾರೆ ಎಂಬುದೇ ಸುದ್ದಿ.

ಮೈನಾ ಮೊದಲು ಮಾಡಿದ ಕೆಲಸ ಜಾರ್ಜ್ ಎಲ್ಸನ್‌ನನ್ನು ಕರೆದದ್ದು. ಜೊತೆಗೆ ಇನ್ನೂ ಮೂವರು: ಜೋಬ್ ಚೇಪಿಸ್, ಜೋಸೆಫ್ ಐಸರ್‌ಹಾಫ್, ಗಿಲ್ಬರ್ಟ್ ಬ್ಲೇಕ್. ಬ್ಲೇಕ್ ಅದೇ ಸೀಮೆಯ ಹುಡುಗ, 1903ರಲ್ಲಿ ವ್ಯಾಲೇಸ್‌ನನ್ನು ಹುಡುಕಿ ಉಳಿಸಿದವರಲ್ಲಿ ಒಬ್ಬ. ನಾಸ್ಕೌಪಿ ಹೊಳೆಯ ಬಾಯಿ ಎಲ್ಲಿದೆ ಎಂದು ಅಲ್ಲಿನವನಿಗೆ ಕೇಳಬೇಕಾಗಿರಲಿಲ್ಲ.

ಹಣ ಆಕೆಯದು, ಹೆಸರು ಆಕೆಯದು. ನೀರಿನ ಮೇಲೆ ಮಾತು ಎಲ್ಸನ್‌ನದು. ಒಂದು ದಿನ ಮೈನಾ ಯಾರಿಗೂ ಹೇಳದೆ ಒಬ್ಬಳೇ ಗುಡ್ಡ ಹತ್ತಿ ಹೋದಳು. ಕೆಳಗೆ ರಭಸದ ಹೊಳೆ. ಹುಡುಕಿ ಹುಡುಕಿ ನಾಲ್ವರಿಗೂ ಜೀವ ಬಾಯಿಗೆ ಬಂತು. ಸಿಕ್ಕಾಗ ಅವರು ಆಕೆಯನ್ನು ತರಾಟೆಗೆ ತೆಗೆದುಕೊಂಡರು. ನೀವು ಕಳೆದುಹೋದರೆ ನಾವು ಊರಿಗೆ ಮುಖ ತೋರಿಸುವ ಹಾಗಿಲ್ಲ ಎಂಬುದು ಅವರ ಮಾತಿನ ಸಾರ. ಯಜಮಾನಿ ಅದನ್ನು ಕೇಳಿಸಿಕೊಂಡಳು. ಅಷ್ಟೇ ಅಲ್ಲ, ತನ್ನ ಪುಸ್ತಕದಲ್ಲಿ ತಾನೇ ಬರೆದಳು. ಎರಡು ವರ್ಷ ಹಿಂದೆ ಕನಸಿನ ಮೊರೆ ಹೋಗಬೇಕಾಗಿದ್ದ ಬಾಯಿ ಈಗ ಯಜಮಾನಿಯನ್ನೇ ಗದರುವಷ್ಟು ತೆರೆದಿತ್ತು.

ಜೂನ್ 27ಕ್ಕೆ ಹೊರಟ ತಂಡ ಆಗಸ್ಟ್ ಮುಗಿಯುವುದರೊಳಗೆ ಉತ್ತರದ ಅಂಗಾವಾ ಕೊಲ್ಲಿ ಮುಟ್ಟಿತು. ಸುಮಾರು 900 ಕಿಲೋಮೀಟರ್ ದಾರಿ, ಎರಡು ತಿಂಗಳು, ಒಂದು ಜೀವಕ್ಕೂ ಅಪಾಯವಿಲ್ಲ. ಹೋಗುತ್ತಲೇ ಮೈನಾ ಆ ಹೊಳೆಗಳ ನಕ್ಷೆ ಮಾಡಿದಳು. 1908ರಲ್ಲಿ ಬಂದ ಆಕೆಯ ಪುಸ್ತಕದಲ್ಲಿ 1903ರ ಕಥೆಯನ್ನು ಎಲ್ಸನ್ ತನ್ನದೇ ಮಾತಿನಲ್ಲಿ ಹೇಳಿದ ಭಾಗವೂ ಅಚ್ಚಾಗಿದೆ. ಆಳಿನ ಮಾತಿಗೆ ಪುಸ್ತಕದಲ್ಲಿ ಜಾಗ ಸಿಕ್ಕಿದ್ದು ಆ ಕಾಲಕ್ಕೆ ಸಣ್ಣ ವಿಷಯವಲ್ಲ.

ವ್ಯಾಲೇಸ್‌ನ ಕಥೆಯನ್ನೂ ಹೇಳಬೇಕು. ಅವನ ತಂಡ ತಡವಾಯಿತು, ಚಳಿ ಹತ್ತಿರ ಬಂತು, ಊಟ ಐದು ಜನಕ್ಕೆ ಸಾಲದು ಎಂದಾಯಿತು. ಈ ಸಲ ಅವನು ಮೂವರನ್ನು ಅಲ್ಲಿಂದಲೇ ವಾಪಸ್ ಕಳಿಸಿದ. ತಾನು ಒಬ್ಬ ಜೊತೆಗಾರನೊಂದಿಗೆ ಮುಂದೆ ಹೋದ. ಅವರ ದೋಣಿ ಒಮ್ಮೆ ಮಗುಚಿತು, ಆದರೂ ಅಕ್ಟೋಬರ್‌ನಲ್ಲಿ ಮುಟ್ಟಿದರು. ವಾಪಸ್ ಹೋದ ಮೂವರೂ ಊರು ಸೇರಿದರು. ಅವರನ್ನು ಯಾರೂ ಸೋತವರು ಎಂದು ಕರೆಯಬೇಕಾಗಿಲ್ಲ. ಐದು ಜನ ಹೋಗಿ ಐದೂ ಜನ ಬದುಕಿ ಬಂದರೆ ಅದೇ ಗೆಲುವು.

1930: ಇಬ್ಬರು ಹುಡುಗರು, ನೂರು ಡಾಲರ್

ಈಗ ನನಗೆ ಎದುರು ಹೇಳುವವರ ಕಥೆ. ಅಮೆರಿಕದ ಮಿನಿಯಾಪೊಲಿಸ್ ಊರಿನಲ್ಲಿ ಹೈಸ್ಕೂಲು ಮುಗಿಸಿದ ಇಬ್ಬರು ಹುಡುಗರು. ಎರಿಕ್ ಸೆವರೈಡ್‌ಗೆ 17 ವರ್ಷ, ವಾಲ್ಟರ್ ಪೋರ್ಟ್‌ಗೆ 19. ಸೆಕೆಂಡ್ ಹ್ಯಾಂಡ್ ದೋಣಿಯೊಂದನ್ನು ತೆಗೆದುಕೊಂಡು ಅಲ್ಲಿಂದ ಉತ್ತರದ ಹಡ್ಸನ್ ಕೊಲ್ಲಿಯವರೆಗೆ ಹೋಗುವುದು ಅವರ ಲೆಕ್ಕ. 2,250 ಮೈಲಿ, ಅಂದರೆ ಸುಮಾರು 3,600 ಕಿಲೋಮೀಟರ್. 'ಮಿನಿಯಾಪೊಲಿಸ್ ಸ್ಟಾರ್' ಪತ್ರಿಕೆಗೆ ದಾರಿಯುದ್ದಕ್ಕೂ ವರದಿ ಬರೆದು ಕಳಿಸುವುದು, ಅದಕ್ಕೆ ಪತ್ರಿಕೆ ನೂರು ಡಾಲರ್ ಕೊಡುವುದು ಎಂದು ಮಾತಾಯಿತು. ಸುದ್ದಿಗೆ ಇಷ್ಟು ಎಂದು ಲೆಕ್ಕ ಹಾಕಿಸಿಕೊಳ್ಳುವ ನಮ್ಮಂಥವರ ಅಣ್ಣ ಅವನು.

ಮೊದಲು ಮಿನಿಸೋಟಾ ನದಿಯನ್ನು ಹರಿವಿಗೆ ಎದುರಾಗಿ ಹತ್ತಿದರು. ಬ್ರೌನ್ಸ್ ವ್ಯಾಲಿ ಎಂಬಲ್ಲಿ ನೀರಿನ ದಿಕ್ಕೇ ಬದಲಾಗುತ್ತದೆ. ಒಂದು ಕಡೆಯ ಮಳೆ ನೀರು ದಕ್ಷಿಣದ ಕಡಲಿಗೆ, ಇನ್ನೊಂದು ಕಡೆಯದು ಉತ್ತರದ ಹಡ್ಸನ್ ಕೊಲ್ಲಿಗೆ. ಅಲ್ಲಿಂದ ಉತ್ತರಕ್ಕೆ ಹರಿಯುವ ರೆಡ್ ರಿವರ್, ಆಮೇಲೆ ವಿನಿಪೆಗ್ ಸರೋವರ. ನೋಡಿದರೆ ಸಮುದ್ರವೇ, ಆಚೆ ದಡ ಕಾಣುವುದಿಲ್ಲ. ಆಳ ಕಡಿಮೆ ಇರುವುದರಿಂದ ಗಾಳಿ ಬೀಸಿದರೆ ಅಲೆ ಗಕ್ಕನೆ ಏಳುತ್ತದೆ. ಸರೋವರದ ಉತ್ತರಕ್ಕೆ ನಾರ್ವೆ ಹೌಸ್ ಎಂಬ ವ್ಯಾಪಾರದ ಠಾಣೆ. ಅಲ್ಲಿಂದ ಮುಂದೆ ಇನ್ನೂ 500 ಮೈಲಿ ಕಾಡು, ಚಳಿಗಾಲ ಬಾಗಿಲಿಗೆ ಬಂದಿತ್ತು. ಆದರೂ ಹೋದರು. ಮುಟ್ಟಿದರು. 1935ರಲ್ಲಿ ಸೆವರೈಡ್ ಬರೆದ 'ಕನೂಯಿಂಗ್ ವಿತ್ ದಿ ಕ್ರೀ' ಎಂಬ ಪುಸ್ತಕವನ್ನು ಅಲ್ಲಿನ ಮಕ್ಕಳು ಇವತ್ತಿಗೂ ಓದುತ್ತಾರೆ. 2011ರಲ್ಲಿ ನಟಾಲಿ ವಾರೆನ್, ಆನ್ ರೈಹೋ ಎಂಬ ಇಬ್ಬರು ಯುವತಿಯರು ಅದೇ ದಾರಿಯಲ್ಲಿ ಹುಟ್ಟು ಹಾಕಿ ಹಡ್ಸನ್ ಕೊಲ್ಲಿ ಮುಟ್ಟಿದರು.

"ನೋಡಿ, ಆ ಹುಡುಗರು ವಾಪಸ್ ಹೋಗಿದ್ದರೆ ಪುಸ್ತಕ ಬರುತ್ತಿತ್ತಾ?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನನ್ನ ಉತ್ತರ ಮೂರು.

ಒಂದು, ಬದುಕಿ ಬಂದವರೇ ಪುಸ್ತಕ ಬರೆಯುತ್ತಾರೆ. ಬರದವರ ಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ. ಗೆದ್ದವರ ಕಥೆ ಮಾತ್ರ ಓದಿ ನೀರಿನ ಲೆಕ್ಕ ಹಾಕುವುದು, ಲಾಟರಿ ಹೊಡೆದವನನ್ನು ಮಾತ್ರ ನೋಡಿ ಟಿಕೆಟ್ ಕೊಂಡ ಹಾಗೆ.

ಎರಡು, ಆ ಇಬ್ಬರಲ್ಲಿ ಯಜಮಾನ ಇರಲಿಲ್ಲ, ಆಳು ಇರಲಿಲ್ಲ. ಇಬ್ಬರಿಗೂ ಸಮನಾದ ಬಾಯಿ ಇತ್ತು. ಪ್ರಯಾಣದ ಕೊನೆಯ ಹಂತದಲ್ಲಿ, ಸುತ್ತ ನರಪಿಳ್ಳೆ ಇಲ್ಲದ ಕಾಡಿನಲ್ಲಿ, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಹೊಡೆದಾಡಿಕೊಂಡರು. ತಿಂಗಳುಗಟ್ಟಲೆ ಒಂದೇ ಮುಖ, ತೋಯ್ದ ಬಟ್ಟೆ, ಅರೆಹೊಟ್ಟೆ. ಒಬ್ಬನು ಚಮಚ ಇಡುವ ರೀತಿಯೂ ಇನ್ನೊಬ್ಬನಿಗೆ ಸಿಟ್ಟು ತರಿಸುವ ಹೊತ್ತು ಅದು. ಹೊಡೆದಾಡಿಕೊಂಡು ಮತ್ತೆ ಅದೇ ದೋಣಿ ಹತ್ತಿದರು, ಏಕೆಂದರೆ ಬೇರೆ ದೋಣಿ ಇರಲಿಲ್ಲ. ಹೊಡೆದಾಟ ಒಳ್ಳೆಯದು ಎನ್ನುತ್ತಿಲ್ಲ. ಒಳಗೊಳಗೇ ಕುದ್ದು ಬಾಯಿ ಮುಚ್ಚಿಕೊಂಡ ಜೊತೆಗಾರನಿಗಿಂತ ಮುಖದ ಮೇಲೆ ಜಗಳ ಆಡುವ ಜೊತೆಗಾರ ದೋಣಿಗೆ ಮೇಲು ಎನ್ನುತ್ತಿದ್ದೇನೆ.

ಮೂರು, ಸೆವರೈಡ್ ಮುಂದೆ ಏನು ಮಾಡಿದ ಎಂಬುದನ್ನೂ ನೋಡಿ. ಅವನು ಹೆಸರಾಂತ ರೇಡಿಯೊ ವರದಿಗಾರನಾದ. 1943ರ ಆಗಸ್ಟ್‌ನಲ್ಲಿ ಅಸ್ಸಾಮಿನಿಂದ ಚೀನಾ ಕಡೆ ಹಾರುತ್ತಿದ್ದ ಸೇನೆಯ ವಿಮಾನದ ಎಂಜಿನ್ ಕೆಟ್ಟಿತು. ಅದರಲ್ಲಿದ್ದ ಸೆವರೈಡ್ ಮತ್ತು ಇತರರು ಪ್ಯಾರಾಚೂಟ್ ಕಟ್ಟಿಕೊಂಡು ಬರ್ಮಾ ಗಡಿಯ ನಾಗಾ ಗುಡ್ಡಗಳಲ್ಲಿ ಬಿದ್ದರು. ಊಟ, ಜಾಗ ಕೊಟ್ಟವರು ನಾಗಾ ಹಳ್ಳಿಯವರು. ತಾವಾಗಿ ದಾರಿ ಹುಡುಕಿಕೊಂಡು ಹೊರಡಲಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಅಲ್ಲೇ ಕಾದು, ಆ ಗುಡ್ಡಗಳನ್ನು ಬಲ್ಲ ಫಿಲಿಪ್ ಆಡಮ್ಸ್ ಎಂಬ ಅಧಿಕಾರಿ ನಾಗಾ ಜನರೊಂದಿಗೆ ಬಂದ ಮೇಲೆ ಅವರ ಹಿಂದೆ ನಡೆದು ಹೊರಬಂದರು. ಹದಿನೇಳರ ಹುಡುಗನಾಗಿದ್ದಾಗ ಚಳಿಗಾಲದ ಜೊತೆ ಪಂದ್ಯ ಕಟ್ಟಿದವನು ಮೂವತ್ತರಲ್ಲಿ ಬಲ್ಲವರಿಗಾಗಿ ಕಾದ.

ನಮ್ಮ ಹೊಳೆ, ನಮ್ಮ ಬಾಯಿ

ಕೆನಡಾದ ಕಥೆ ನಮಗ್ಯಾಕೆ ಎನ್ನಬೇಡಿ. ನಾನು ತುಂಗಭದ್ರೆ ಹರಿಯುವ ಜಿಲ್ಲೆಯಲ್ಲಿ ಸುದ್ದಿ ಬರೆಯುವವನು. "ಈಜಲು ಹೋದ ಇಬ್ಬರು ನೀರುಪಾಲು" ಎಂಬ ತಲೆಬರಹ ನನ್ನ ಮೊಬೈಲಿನಲ್ಲಿ ಸಿದ್ಧವಾಗಿಯೇ ಇದೆ. ಬದಲಾಗುವುದು ಹೆಸರು, ವಯಸ್ಸು, ಊರು ಮಾತ್ರ. ಜಾತ್ರೆಗೆ ಬಂದವರು, ರಜೆಗೆ ಅಜ್ಜಿ ಮನೆಗೆ ಬಂದವರು, ಕಾಲುವೆಗೆ ಬೈಕ್ ತೊಳೆಯಲು ಹೋದವರು. ಪಂಚನಾಮೆ ಆಗುವ ಹೊತ್ತಿಗೆ ದಡದಲ್ಲಿ ತೋಯ್ದ ಬಟ್ಟೆಯಲ್ಲಿ ನಡುಗುತ್ತ ಕೂತಿರುವ, ಬದುಕಿ ಉಳಿದ ಹುಡುಗನೊಬ್ಬ ಇರುತ್ತಾನೆ. ಅವನು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ: "ನಾ ಬ್ಯಾಡ ಅಂದಿದ್ದೆರಿ ಸರ್, ಅವ್ರು ನಕ್ರು."

ಈ ಮಾತು ಸುದ್ದಿಯಲ್ಲಿ ಬರುವುದಿಲ್ಲ. ಎರಡು ಕಾಲಂ ಜಾಗದಲ್ಲಿ ಹೆಸರು, ವಯಸ್ಸು, ಠಾಣೆ ಹಿಡಿಸಿದರೆ ಸಾಕು. ಆದರೆ ಇಡೀ ಘಟನೆಯಲ್ಲಿ ತಿಳಿಯಬೇಕಾದ ಸಂಗತಿ ಆ ಮಾತಿನಲ್ಲೇ ಇದೆ. ಬೇಡ ಎಂದವನು ಇದ್ದ. ಮುಂದಿನ ಬಂಡೆ ಅವನಿಗೆ ಕಂಡಿತ್ತು. ಉಳಿದವರು ನಕ್ಕರು. ಇನ್ನೊಂದು ಸಲ ಹೇಳಲು ಅವನಿಗೆ ನಾಚಿಕೆಯಾಯಿತು.

ಹುಡುಗರ ಗುಂಪಿನಲ್ಲಿ ಬೇಡ ಎಂದವನಿಗೆ ಸಿಗುವ ಬಿರುದು ನಿಮಗೆ ಗೊತ್ತು. ಹೆಣ್ಣಿಗ, ಪುಕ್ಕಲ, ಅಮ್ಮನ ಮಗ. ಈಗ ಮೊಬೈಲ್ ಕ್ಯಾಮೆರಾ ಬೇರೆ ಓಡುತ್ತಿರುತ್ತದೆ. ಹಬರ್ಡ್‌ಗೆ ಪತ್ರಿಕೆಯ ಮುಂದೆ ಮುಖ ತೋರಿಸುವ ಚಿಂತೆ ಇತ್ತು. ನಮ್ಮ ಹುಡುಗರಿಗೆ ಸ್ಟೇಟಸ್ ನೋಡುವ ನೂರು ಜನರ ಮುಂದೆ. ಕಾವೇರಿಯ ಮೇಕೆದಾಟು, ಮುತ್ತತ್ತಿಯಂಥ ಜಾಗಗಳಲ್ಲಿ ನೀರಿಗೆ ಇಳಿಯಬೇಡಿ ಎಂದು ಫಲಕ ಹಾಕಿದ್ದಾರೆ. ಫಲಕಕ್ಕೆ ಬಾಯಿಲ್ಲ. ಅಲ್ಲಿ ಬಾಯಿ ಬೇಕಾಗಿರುವುದು ಜೊತೆಗಾರನಿಗೆ.

ಮೋಜಿಗೆ ಹೋಗುವವರ ಮಾತು ಹಾಗಿರಲಿ. ಹರಿಗೋಲು ಹತ್ತದೆ ದಿನ ಸಾಗದವರೂ ಇದ್ದಾರೆ. ರಾಯಚೂರು ಜಿಲ್ಲೆಯ ಕೃಷ್ಣಾ ನದಿಯ ನಡುಗಡ್ಡೆಗಳಲ್ಲಿ ಹೊಲಕ್ಕೆ, ಸಂತೆಗೆ, ಆಸ್ಪತ್ರೆಗೆ ಹೊಳೆ ದಾಟಲೇಬೇಕು. ಕಳೆ ತೆಗೆಯಲು ಆಚೆ ದಡಕ್ಕೆ ಹೋಗುವ ಕೂಲಿ ಹೆಣ್ಣುಮಕ್ಕಳನ್ನು ನೋಡಿ. ಹರಿಗೋಲಿನಲ್ಲಿ ಜನ ಹೆಚ್ಚಾದರು ಎಂದು ಅವರಿಗೆ ಕಾಣುವುದಿಲ್ಲವೇ? ಕಾಣುತ್ತದೆ. "ಇಷ್ಟು ಮಂದಿ ಬ್ಯಾಡ, ಇನ್ನೊಂದು ಸಲ ಬಾ" ಎಂದರೆ ಕೆಲಸಕ್ಕೆ ತಡವಾಗುತ್ತದೆ, ತಡವಾದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಅವರ ಬಾಯಿ ಮುಚ್ಚಿಸಿದ್ದು ಹೆದರಿಕೆಯಲ್ಲ, ಕೂಲಿ. ಎಲ್ಸನ್‌ನ ಬಾಯಿ ಮುಚ್ಚಿಸಿದ್ದೂ ಅದೇ.

ಅಂಬಿಗನ ವಿಷಯಕ್ಕೂ ಬರೋಣ. ಈ ನೆಲದಲ್ಲಿ ಅಂಬಿಗರ ಚೌಡಯ್ಯನಂಥ ವಚನಕಾರ ಹುಟ್ಟುಗೋಲು ಹಿಡಿದೇ ನಿಷ್ಠುರ ಮಾತಾಡಿದ. ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು 16ನೇ ಶತಮಾನದಲ್ಲೇ ಬರೆದಿಟ್ಟ. ಅಷ್ಟು ತಲೆಮಾರಿನ ವಿದ್ಯೆ ಹರಿಗೋಲು ಹಾಕುವವನ ಕೈಯಲ್ಲಿದೆ. ನಾವು ಅವನನ್ನು ಹೇಗೆ ಕರೆಯುತ್ತೇವೆ? "ಏ ಬಾರಲೇ, ಲಗೂನ ಬಿಡು." ಡ್ಯಾಂನಿಂದ ನೀರು ಬಿಟ್ಟಾರೆ, ಇವತ್ತು ಬ್ಯಾಡ್ರಿ ಎಂದು ಅವನು ಹೇಳಿದರೆ ನೂರು ರೂಪಾಯಿ ಹೆಚ್ಚು ಕೊಡುತ್ತೇವೆ ಎನ್ನುತ್ತೇವೆ. ಇಲ್ಲವೇ ಊರ ಗೌಡರ ಹೆಸರು ಹೇಳುತ್ತೇವೆ. ನೂರು ರೂಪಾಯಿಗೂ ಗೌಡರ ಹೆಸರಿಗೂ ಹೊಳೆಯ ಸೆಳವು ಕಡಿಮೆಯಾಗುವುದಿಲ್ಲ.

ಹಗ್ಗ ಬಿಚ್ಚುವ ಮೊದಲು

ನೀರಿಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಹೊಳೆ ಇರುವ ಊರಲ್ಲಿ ಹುಟ್ಟಿ ಹೊಳೆಗೆ ಹೋಗಬೇಡ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮಕ್ಕಳಿಗೆ ಈಜು ಕಲಿಸಿ, ಗಂಡಿಗೂ ಹೆಣ್ಣಿಗೂ. ದೋಣಿ ಹತ್ತಿದರೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಒಬ್ಬ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ. ಹಗ್ಗ, ಸೀರೆ, ಬಿದಿರು ಗಳ, ಖಾಲಿ ಕೊಡ, ಟ್ಯೂಬು ಏನು ಸಿಕ್ಕರೂ ಎಸೆಯಿರಿ, 112ಕ್ಕೆ ಫೋನ್ ಮಾಡಿ. ಒಬ್ಬನ ಸಾವು ಇಬ್ಬರದಾಗುವುದು ಬಹಳ ಸಲ ಹೀಗೇ.

ಇದೆಲ್ಲಕ್ಕಿಂತ ಮೊದಲು, ದಡದಲ್ಲಿರುವಾಗಲೇ, ಮೂರು ಮಾತು ಒಪ್ಪಿಕೊಳ್ಳಿ.

ಮೊದಲನೆಯದು: ಗುಂಪಿನಲ್ಲಿ ಒಬ್ಬರು ಬೇಡ ಎಂದರೂ ಬೇಡ. ಯಾಕೆ ಎಂದು ಪಾಟೀಸವಾಲು ಮಾಡುವುದಿಲ್ಲ. ಕಾರಣ ಹೇಳಲು ಬಾರದವನಿಗೂ ಹೊಟ್ಟೆಯಲ್ಲಿ ಒಂದು ತಿಳಿವಳಿಕೆ ಇರುತ್ತದೆ. ಅದು ಎಲ್ಸನ್‌ಗೆ ಕನಸಾಗಿ ಬಂತು.

ಎರಡನೆಯದು: ನೀರಿನ ಮೇಲೆ ದೊಡ್ಡವರು ಎಂದರೆ ಆ ನೀರನ್ನು ಬಲ್ಲವರು. ವಯಸ್ಸು, ಜಾತಿ, ಹಣ, ಕುರ್ಚಿ ದಡದಲ್ಲೇ ಇರಲಿ. ಹರಿಗೋಲು ಹಾಕುವವರನ್ನು ಅಣ್ಣ ಎನ್ನಿ, ಕಾಕಾ ಎನ್ನಿ, ಅವರ ಮಾತು ಕೇಳಿ.

ಮೂರನೆಯದು: ಅರ್ಧದಲ್ಲಿ ವಾಪಸ್ ಬಂದದ್ದಕ್ಕೆ ಯಾರನ್ನೂ ಆಡಿಕೊಳ್ಳುವುದಿಲ್ಲ. ಚಹಾದ ಅಂಗಡಿಯಲ್ಲೂ ಇಲ್ಲ, ವಾಟ್ಸ್ಆ್ಯಪ್ ಗ್ರೂಪಿನಲ್ಲೂ ಇಲ್ಲ. ಜೊತೆಗಾರನ ಬಾಯಿ ಮುಚ್ಚಿಸುವುದು ಹೊಳೆಯಲ್ಲ, ಊರಿಗೆ ಬಂದ ಮೇಲೆ ಕೇಳಿಸುವ ಆ ನಗು.

ನಿಮ್ಮ ಮನೆಯ ಹುಡುಗರು ಈ ಭಾನುವಾರ ಹೊಳೆ ಕಡೆ ಹೊರಟರೆ "ಹುಷಾರು" ಎಂದಷ್ಟೇ ಹೇಳಿ ಕಳಿಸಬೇಡಿ. ಆ ಮಾತು ಕೇಳಿ ಕೇಳಿ ಅವರಿಗೆ ಸವೆದುಹೋಗಿದೆ. ಬದಲಿಗೆ ಇದೊಂದು ಪ್ರಶ್ನೆ ಕೇಳಿ: "ನಿಮ್ಮೊಳಗೆ ಒಬ್ಬ ಬ್ಯಾಡ ಅಂದ್ರೆ ಎಲ್ಲರೂ ವಾಪಸ್ ಬರ್ತೀರೇನು?" ಹೌದು ಎಂದರೆ ಬುತ್ತಿ ಕಟ್ಟಿ ಕಳಿಸಿ. ತಡವರಿಸಿದರೆ ಬೈಕಿನ ಕೀಲಿ ಇಸಿದುಕೊಳ್ಳಿ.